ಫಾದರ್ ವರ್ಗವಾದ ಮೇಲೆ ಉಳಿಯುವುದೇನು?

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಇಷ್ಟು ಹತ್ತಿರದ ಎರಡು ಊರುಗಳಲ್ಲಿ ಎರಡು ಕಥೋಲಿಕ ಧರ್ಮಪ್ರಾಂತ್ಯಗಳ ಕೇಂದ್ರಗಳಿವೆ ಎಂಬುದು ಜಿಲ್ಲೆಯವರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಲ್ಯಾಟಿನ್ ವಿಧಿಯ ಶಿವಮೊಗ್ಗ ಧರ್ಮಪ್ರಾಂತ್ಯ ಆರಂಭವಾದದ್ದು 1988ರಲ್ಲಿ. ನಗರದ ಸೇಕ್ರೆಡ್ ಹಾರ್ಟ್ ಚರ್ಚ್ ಅದರ ಪ್ರಧಾನಾಲಯ. ಕೇರಳ ಮೂಲದ ಸಿರೋ ಮಲಬಾರ್ ವಿಧಿಯ ಭದ್ರಾವತಿ ಧರ್ಮಪ್ರಾಂತ್ಯ 2007ರಲ್ಲಿ ಮಾನಂತವಾಡಿಯಿಂದ ಬೇರ್ಪಟ್ಟು ಹುಟ್ಟಿತು. ಇವೆರಡರ ಜೊತೆಗೆ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿವೆ, ಪೆಂಟೆಕೋಸ್ತಲ್ ಸಭೆಗಳಿವೆ, ಬಾಡಿಗೆ ಕಟ್ಟಡದ ಮಹಡಿಯಲ್ಲಿ ಮೂವತ್ತು ನಲವತ್ತು ಜನ ಸೇರುವ ಸ್ವತಂತ್ರ ಸಭೆಗಳೂ ಇವೆ. ಒಂದು ಕಡೆ ಫಾದರ್, ಇನ್ನೊಂದು ಕಡೆ ಅಯ್ಯನವರು, ಮತ್ತೊಂದು ಕಡೆ ಪಾಸ್ಟರ್. ಕರೆಯುವ ಹೆಸರು ಬೇರೆಯಾದರೂ ಇವರೆಲ್ಲರ ದಿನಚರಿಯ ಕಷ್ಟ ಒಂದೇ.

ಹೊರಗಿನವರ ಕಣ್ಣಿಗೆ ಪಾದ್ರಿಯದು ಭಾನುವಾರ ಬೆಳಿಗ್ಗೆಯ ಒಂದೆರಡು ಗಂಟೆಯ ಕೆಲಸ. ಒಳಗಿನವರ ಲೆಕ್ಕ ಬೇರೆ. ಬೆಳಗಿನ ಪೂಜೆ, ಪ್ರಸಂಗದ ತಯಾರಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಲಗಿದವರ ಭೇಟಿ, ಮದುವೆಗೆ ಮುಂಚಿನ ಮಾತುಕತೆ, ಸಾವಿನ ಮನೆ, ಸಮಾಧಿ ಜಾಗದ ತಕರಾರು, ಮಕ್ಕಳ ಧರ್ಮೋಪದೇಶ, ಸೋರುವ ಚಾವಣಿ, ಕರೆಂಟ್ ಬಿಲ್ಲು, ಗಾಯನ ಮಂಡಳಿಯವರ ಮುನಿಸು, ಶಾಲೆಯ ಸೀಟಿಗೆ ಶಿಫಾರಸು ಕೇಳಿ ಬಂದವರು. ಮೆಗ್ಗಾನ್‌ಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ರೋಗಿಗಳೂ ಬರುವುದರಿಂದ ನಗರದ ಪಾದ್ರಿಗೆ ತನ್ನ ಸಭೆಯವರಲ್ಲದವರ ಕರೆಯೂ ಬರುತ್ತದೆ. ಇಷ್ಟಾಗಿಯೂ ಇದು ಹಾಜರಿ ಪುಸ್ತಕವಿಲ್ಲದ ಉದ್ಯೋಗ. ಎಷ್ಟು ಹೊತ್ತು ದುಡಿದರು ಎಂದು ಕೇಳುವ ಮೇಲಧಿಕಾರಿ ಎದುರಿಗಿಲ್ಲ. ಹಾಗಾಗಿ ಕೆಲವರು ಎಲ್ಲವನ್ನೂ ಮೈಮೇಲೆ ಎಳೆದುಕೊಂಡು ಕೆಲವೇ ವರ್ಷಗಳಲ್ಲಿ ಸುಸ್ತಾಗುತ್ತಾರೆ, ಕೆಲವರು ಕಣ್ಣಿಗೆ ಕಾಣುವ ಕೆಲಸವನ್ನಷ್ಟೇ ಮಾಡಿ ಉಳಿದದ್ದನ್ನು ಮುಂದಕ್ಕೆ ತಳ್ಳುತ್ತಾರೆ.

ಇಂಥವರಿಗೆ ಸಮಯ ನಿರ್ವಹಣೆಯ ಪುಸ್ತಕಗಳು ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಕಡಿಮೆ ಹೊತ್ತಿನಲ್ಲಿ ಹೆಚ್ಚು ಕೆಲಸ ಮುಗಿಸುವುದು ಆ ಪುಸ್ತಕಗಳ ಗುರಿ. ಸಾಯುತ್ತಿರುವವರ ಮಂಚದ ಪಕ್ಕದಲ್ಲಿ ಕುಳಿತ ಹೊತ್ತನ್ನು ಹಾಗೆ ಕತ್ತರಿಸಲು ಬರುವುದಿಲ್ಲ. ಗಂಡ ಹೆಂಡಿರ ಜಗಳವನ್ನು ಇಪ್ಪತ್ತು ನಿಮಿಷದಲ್ಲಿ ಬಗೆಹರಿಸಿ ಮುಂದಿನವರನ್ನು ಒಳಗೆ ಕರೆಯಲೂ ಆಗುವುದಿಲ್ಲ. ಆದ್ದರಿಂದ ಪಾದ್ರಿಯ ಕೆಲಸವನ್ನು ಅಳೆಯಲು ಬೇರೆ ಅಳತೆಗೋಲು ಬೇಕು. ನನ್ನ ಪ್ರಕಾರ ಅದು ವರ್ಗಾವಣೆಯ ಆದೇಶ. ಕಥೋಲಿಕ ಗುರುಗಳೂ ಸಿಎಸ್‌ಐ ಸಭಾಪಾಲಕರೂ ಕೆಲವು ವರ್ಷಗಳಿಗೊಮ್ಮೆ ಜಾಗ ಬದಲಿಸುತ್ತಾರೆ. ಅವರು ಹೋದ ಮರುದಿನ ಸಭೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ, ಯಾವುದು ನಡೆಯುತ್ತದೆ ಎಂಬುದರಲ್ಲಿ ಅವರ ನಾಯಕತ್ವದ ಫಲಿತಾಂಶವಿದೆ. ಸ್ವತಂತ್ರ ಸಭೆಯ ಪಾಸ್ಟರಿಗೆ ವರ್ಗವಿಲ್ಲ, ನಿಜ. ಆದರೆ ಅವರಿಗೂ ಕಾಯಿಲೆ ಬರುತ್ತದೆ, ವಯಸ್ಸಾಗುತ್ತದೆ. ಪರೀಕ್ಷೆ ತಪ್ಪುವುದಿಲ್ಲ.

ಕಾರ್ಖಾನೆಗಳ ಊರಾದ ಭದ್ರಾವತಿಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವಾಗ ಮನೆಗೆ ಹೋಗುವವನು ಬರುವವನಿಗೆ ಲಾಗ್ ಪುಸ್ತಕ ಒಪ್ಪಿಸಬೇಕು. ಯಾವ ಯಂತ್ರ ಸದ್ದು ಮಾಡುತ್ತಿದೆ, ಯಾವುದನ್ನು ನಿಲ್ಲಿಸಲಾಗಿದೆ, ಯಾರಿಗೆ ಏನು ಹೇಳಿದೆ ಎಂಬುದು ಅದರಲ್ಲಿರಬೇಕು. ಒಬ್ಬನ ನೆನಪನ್ನು ನಂಬಿ ಕುಲುಮೆ ನಡೆಸಲಾಗದು. ಸಭೆಗೂ ಅಂಥದೊಂದು ಪುಸ್ತಕ ಬೇಕು. ಹಾಸಿಗೆ ಹಿಡಿದ ಹಿರಿಯರ ಪಟ್ಟಿ, ಈ ವರ್ಷ ಸಾವು ಕಂಡ ಮನೆಗಳು, ಸಭೆಗೆ ಬರುವುದನ್ನು ನಿಲ್ಲಿಸಿದ ಕುಟುಂಬಗಳು, ಫೀಸು ಕಟ್ಟಲಾಗದ ಮಕ್ಕಳು, ಅರ್ಧಕ್ಕೆ ನಿಂತ ಕಟ್ಟಡದ ಲೆಕ್ಕ, ಮಾತು ಕೊಟ್ಟು ಇನ್ನೂ ಈಡೇರಿಸದ ಕೆಲಸಗಳು. ಗುಟ್ಟಾಗಿ ಹೇಳಿಕೊಂಡದ್ದನ್ನು ಬರೆಯಬಾರದು. ಪಾಪನಿವೇದನೆಯ ಮಾತಂತೂ ಎಲ್ಲಿಯೂ ದಾಖಲಾಗಕೂಡದು. ಉಳಿದದ್ದೆಲ್ಲ ಬರವಣಿಗೆಯಲ್ಲಿದ್ದರೆ ಹೊಸಬರು ಊರನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ.

ಹೀಗೆ ಬರೆದಿಡುವುದು ಮೊದಲ ಅಭ್ಯಾಸವಾದರೆ, ಹಂಚಿಕೊಡುವುದು ಎರಡನೆಯದು. ಇದಕ್ಕೆ ಆಧುನಿಕ ಗುರುಗಳೇನೂ ಬೇಕಿಲ್ಲ. ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಜನರ ವ್ಯಾಜ್ಯ ಕೇಳುತ್ತಾ ಕೂತಿರುವುದನ್ನು ಅವನ ಮಾವ ಇತ್ರೋ ನೋಡುತ್ತಾನೆ. ಹೀಗೆ ಮಾಡಿದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಎಚ್ಚರಿಸುತ್ತಾನೆ. ಸಾವಿರ, ನೂರು, ಐವತ್ತು, ಹತ್ತು ಜನರಿಗೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸಿ, ದೊಡ್ಡ ವ್ಯಾಜ್ಯ ಮಾತ್ರ ನಿನ್ನ ಬಳಿಗೆ ಬರಲಿ ಎನ್ನುತ್ತಾನೆ. ಸಲಹೆ ಕೊಟ್ಟವನು ಹೊರಗಿನವನು, ಅದೂ ಮಾವ. ಅಳಿಯ ಕೇಳಿದ ಎಂಬುದೇ ದೊಡ್ಡ ಸಂಗತಿ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ವಿಧವೆಯರಿಗೆ ಊಟ ಹಂಚುವುದರಲ್ಲಿ ತಾರತಮ್ಯವಾಗುತ್ತಿದೆ ಎಂಬ ದೂರು ಬಂದಾಗ ಅಪೊಸ್ತಲರು ತಾವೇ ಬಡಿಸಲು ಹೋಗಲಿಲ್ಲ. ಏಳು ಜನರನ್ನು ಆರಿಸಿ ಎಂದು ಸಭೆಗೇ ಹೇಳಿದರು. ಆರಿಸಿದವರು ಸಭೆಯವರು, ಜವಾಬ್ದಾರಿ ಒಪ್ಪಿಸಿದವರು ಅಪೊಸ್ತಲರು. ಆ ಕ್ರಮದಲ್ಲಿಯೇ ಪಾಠವಿದೆ.

ಇನ್ನೊಂದು ಉದಾಹರಣೆ ಶಿವಮೊಗ್ಗಕ್ಕೆ ಹತ್ತಿರದ್ದು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ ಶಿವಮೊಗ್ಗದಲ್ಲೂ ಕೇಂದ್ರ ಹೊಂದಿತ್ತು. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿಯ ಕಾಲದಲ್ಲಿ, 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸುವುದು ಹೇಗೆ ಎಂಬ ಚರ್ಚೆ ನಡೆಯಿತು. ಹನ್ನೆರಡು ಜನರಿಗೆ ಒಂದು ಗುಂಪು ಮಾಡಿ, ಅವರಲ್ಲಿ ಒಬ್ಬರು ವಾರಕ್ಕೊಮ್ಮೆ ಉಳಿದವರ ಮನೆಗೆ ಹೋಗಿ ಒಂದೊಂದು ಪೆನ್ನಿ ವಸೂಲು ಮಾಡುವುದೆಂದು ತೀರ್ಮಾನವಾಯಿತು. ಕಾಸಿಗಾಗಿ ಮನೆ ಬಾಗಿಲಿಗೆ ಹೋದವರಿಗೆ ಒಳಗಿನ ಕಷ್ಟಸುಖ ಕಂಡಿತು. ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಕಾಯಿಲೆ ಎಂಬುದು ವೆಸ್ಲಿಗೆ ತಿಳಿಯತೊಡಗಿತು. ಸಾಲ ತೀರಿಸಲು ಮಾಡಿದ ಗುಂಪುಗಳೇ ಮುಂದೆ ಆ ಚಳವಳಿಯ ಬೆನ್ನೆಲುಬಾದವು. ಇಂದಿನ ಕಥೋಲಿಕ ಧರ್ಮಕೇಂದ್ರಗಳ ಕಿರು ಕ್ರೈಸ್ತ ಸಮುದಾಯಗಳಿಗೂ ಸಿಎಸ್‌ಐ ಸಭೆಗಳ ಮನೆಕೂಟಗಳಿಗೂ ಈ ಶಕ್ತಿ ಇದೆ. ತಿಂಗಳಿಗೊಮ್ಮೆ ಜಪಸರ ಹೇಳಿ ಕಾಫಿ ಕುಡಿದು ಎದ್ದರೆ ಅದು ವ್ಯರ್ಥವಾಗುತ್ತದೆ, ಅಷ್ಟೇ.

ಹಂಚುವುದೆಂದರೆ ಕುರ್ಚಿ ಹಾಕಿಸುವುದು, ಮೈಕ್ ತರಿಸುವುದು ಎಂದು ತಿಳಿದವರಿದ್ದಾರೆ. ಅದು ಬರೀ ಓಡಾಟ ಮಾಡಿಸುವುದು. ಹಂಚಿದ ಕೆಲಸದ ಜೊತೆಗೆ ಅಧಿಕಾರವೂ ಖರ್ಚಿನ ಹಣವೂ ಅವಧಿಯೂ ಇರಬೇಕು. ಆಸ್ಪತ್ರೆ ಭೇಟಿ ನಿಮ್ಮ ತಂಡದ್ದು, ಔಷಧಿಗೆ ತಿಂಗಳಿಗೆ ಇಷ್ಟು ಹಣ, ಎರಡು ವರ್ಷ ನಿಮ್ಮ ಹೊಣೆ ಎಂದು ಸ್ಪಷ್ಟವಾಗಿ ಹೇಳಿ ಕೊಟ್ಟರೆ ಜನ ಮಾಡುತ್ತಾರೆ. ಕೊಟ್ಟ ಮೇಲೆ ದಿನಕ್ಕೆರಡು ಸಲ ಫೋನ್ ಮಾಡಿ ಕೆದಕಿದರೆ ಬಿಡುತ್ತಾರೆ. ಇನ್ನೊಂದು ಅಪಾಯ, ಎಲ್ಲ ಸಮಿತಿಗಳಲ್ಲೂ ಅದೇ ಮೂರು ಜನ. ಭದ್ರಾವತಿಯಂಥ ಊರಿನಲ್ಲಿ ಆಳು ಹುಡುಕಲು ದೂರ ಹೋಗಬೇಕಿಲ್ಲ. ನೂರಾರು ಕಾರ್ಮಿಕರನ್ನು ಸಂಭಾಳಿಸಿದ ನಿವೃತ್ತ ಫೋರ್‌ಮನ್‌ಗಳು, ಲೆಕ್ಕ ಗೊತ್ತಿರುವ ಬ್ಯಾಂಕಿನವರು, ಶಾಲೆ ನಡೆಸಿದ ಟೀಚರಮ್ಮಂದಿರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಮೂರನೆಯ ಅಭ್ಯಾಸ, ವೇಳಾಪಟ್ಟಿಯನ್ನು ಊರಿನ ಬದುಕಿಗೆ ಹೊಂದಿಸುವುದು. ಭದ್ರಾವತಿಯನ್ನು ಕಟ್ಟಿದ್ದು ಎರಡು ಕಾರ್ಖಾನೆಗಳು. 1923ರಲ್ಲಿ ಉತ್ಪಾದನೆ ಆರಂಭಿಸಿ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಬ್ಬಿಣದ ಕಾರ್ಖಾನೆ ಒಂದು, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಇನ್ನೊಂದು. ಕೆಲಸ ಹುಡುಕಿಕೊಂಡು ತಮಿಳುನಾಡಿನಿಂದ, ಕೇರಳದಿಂದ, ಆಂಧ್ರದಿಂದ ಬಂದವರಲ್ಲಿ ಕ್ರೈಸ್ತರೂ ಇದ್ದರು. ಹಾಗಾಗಿ ಇಲ್ಲಿನ ಚರ್ಚುಗಳಲ್ಲಿ ಕನ್ನಡದ ಜೊತೆ ತಮಿಳು, ಮಲಯಾಳಂ, ಕೊಂಕಣಿಯೂ ಕೇಳುತ್ತದೆ. ಶಿಫ್ಟಿನಲ್ಲಿ ದುಡಿಯುವವರ ಊರಿನಲ್ಲಿ ಪ್ರತಿ ಸಭೆಯನ್ನೂ ಸಂಜೆ ಆರಕ್ಕೇ ಕರೆದರೆ ಮಧ್ಯಾಹ್ನದ ಪಾಳಿಯವರು ಎಂದೂ ಬರಲಾರರು.

ಈಗ ಆ ಊರೂ ಬದಲಾಗಿದೆ. ಕಾಗದ ಕಾರ್ಖಾನೆಯ ಉತ್ಪಾದನೆ ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರ ಹೋರಾಟದ ನಂತರ ಕೆಲಸ ಭಾಗಶಃ ಮತ್ತೆ ಶುರುವಾಯಿತು. ಇಂಥ ಊರಿನಲ್ಲಿ ದುಡಿಯುವ ವಯಸ್ಸಿನವರು ಬೆಂಗಳೂರಿನ ದಾರಿ ಹಿಡಿಯುತ್ತಾರೆ, ಮನೆಯಲ್ಲಿ ಉಳಿಯುವವರು ಹಿರಿಯರು. ಮೂವತ್ತು ವರ್ಷದ ಹಿಂದೆ ಇಲ್ಲಿನ ಪಾದ್ರಿಯ ವಾರ ಮದುವೆ, ನಾಮಕರಣ, ಯುವಕರ ಕ್ರೀಡೆಗಳಲ್ಲಿ ಕಳೆದಿರಬಹುದು. ಇಂದು ಅದರಲ್ಲಿ ಮನೆಯಿಂದ ಹೊರಬರಲಾಗದ ಅಜ್ಜ ಅಜ್ಜಿಯರಿಗೆ, ಕೆಲಸ ಕಳೆದುಕೊಂಡ ಐವತ್ತರ ಗಂಡಸರಿಗೆ, ದೂರದೂರಿನಿಂದ ಅಪ್ಪ ಅಮ್ಮನ ಬಗ್ಗೆ ಫೋನಿನಲ್ಲಿ ವಿಚಾರಿಸುವ ಮಕ್ಕಳಿಗೆ ಹೆಚ್ಚು ಪಾಲು ಸಿಗಬೇಕು. ಹಿಂದಿನವರ ವೇಳಾಪಟ್ಟಿಯನ್ನೇ ನಕಲು ಮಾಡುವವರಿಗೆ ಇದು ಕಾಣುವುದಿಲ್ಲ.

ಮನೆಭೇಟಿಗೆ ದಿನ ಗೊತ್ತು ಮಾಡಿಕೊಳ್ಳದಿದ್ದರೆ ಅದು ಆಗುವುದೇ ಇಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಕಿಡ್ಡರ್‌ಮಿನ್‌ಸ್ಟರ್ ಎಂಬ ನೇಕಾರರ ಊರಿನ ಪಾದ್ರಿ ರಿಚರ್ಡ್ ಬ್ಯಾಕ್ಸ್‌ಟರ್ ವಾರದಲ್ಲಿ ಸೋಮವಾರ, ಮಂಗಳವಾರಗಳನ್ನು ಕುಟುಂಬಗಳಿಗೆಂದೇ ಮೀಸಲಿಟ್ಟು, ಸಹಾಯಕನ ಜೊತೆ ಸರದಿಯಂತೆ ಎಲ್ಲರನ್ನೂ ಕಾಣುತ್ತಿದ್ದ. 1656ರಲ್ಲಿ ಪ್ರಕಟವಾದ ಅವನ ಪುಸ್ತಕವನ್ನು ಪಾದ್ರಿಗಳು ಇಂದಿಗೂ ಓದುತ್ತಾರೆ. ಅವನ ಪದ್ಧತಿಯಲ್ಲಿ ಗಮನಿಸಬೇಕಾದದ್ದು ಸರದಿ. ಕರೆದವರ ಮನೆಗೆ ಮಾತ್ರ ಹೋಗುವ ಪಾದ್ರಿ ಬಾಯಿ ಇದ್ದವರ ಪಾದ್ರಿಯಾಗುತ್ತಾನೆ. ಸರದಿಯಲ್ಲಿ ಹೋಗುವವನು ಕರೆಯಲು ಸಂಕೋಚಪಡುವ ಬಡವರ ಮನೆಯನ್ನೂ ತಲುಪುತ್ತಾನೆ.

ಪ್ರಸಂಗದ ವಿಷಯಕ್ಕೆ ಬರೋಣ. ಶನಿವಾರ ರಾತ್ರಿ ಹನ್ನೊಂದಕ್ಕೆ ಶುರುವಾಗುವ ತಯಾರಿಯ ರುಚಿ ಭಾನುವಾರ ಬೆಳಿಗ್ಗೆ ಎಲ್ಲರಿಗೂ ಗೊತ್ತಾಗುತ್ತದೆ. ಕಥೋಲಿಕರಲ್ಲಿ ಭಾನುವಾರದ ವಾಚನಗಳು ಮೂರು ವರ್ಷದ ಆವರ್ತನದಲ್ಲಿ ಮೊದಲೇ ನಿಗದಿಯಾಗಿವೆ. ಸಿಎಸ್‌ಐಯಲ್ಲೂ ವರ್ಷದ ವಾಚನಪಟ್ಟಿ ಇದೆ. ಮುಂದಿನ ವಾರದ ಪಾಠ ಯಾವುದೆಂದು ಗೊತ್ತಿರುವಾಗ ಸೋಮವಾರವೇ ಒಮ್ಮೆ ಓದಿ ತಲೆಯಲ್ಲಿ ಹಾಕಿಕೊಂಡರೆ, ವಾರವಿಡೀ ಕಂಡ ಮನೆಗಳೂ ಕೇಳಿದ ಮಾತುಗಳೂ ತಾವಾಗಿ ಅದಕ್ಕೆ ಬಂದು ಸೇರುತ್ತವೆ. ಪ್ರಸಂಗದ ತಯಾರಿಗೆ ಓದು, ಪ್ರಾರ್ಥನೆ, ಚಿಂತನೆಯ ದೀರ್ಘ ಸಮಯ ಬೇಕೆಂದು ಪೋಪ್ ಫ್ರಾನ್ಸಿಸ್ 2013ರ ತಮ್ಮ ಪ್ರಬೋಧನಾ ಪತ್ರದಲ್ಲಿ ಒತ್ತಿ ಹೇಳಿದ್ದರು. 2024ರಲ್ಲಿ ಪ್ರಸಂಗ ಎಂಟು ನಿಮಿಷ ಮೀರದಿರಲಿ ಎಂದೂ ಕಿವಿಮಾತು ಹೇಳಿದರು. ತಯಾರಿ ಉದ್ದ, ಮಾತು ಚಿಕ್ಕದು. ನಮ್ಮಲ್ಲಿ ಬಹಳ ಕಡೆ ಇದು ತಿರುಗುಮುರುಗಾಗಿದೆ.

ಯಾರಿಗೂ ಇಷ್ಟವಿಲ್ಲದ ಕೆಲಸ ದಾಖಲೆ. ಆದರೆ ಅದರಲ್ಲಿ ಕಾನೂನೂ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಮದುವೆ ಸಾಮಾನ್ಯವಾಗಿ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ನಡೆಯಬೇಕು, ರಿಜಿಸ್ಟರಿನಲ್ಲಿ ನಮೂದಾಗಬೇಕು. ಆ ನಮೂದು ಇಪ್ಪತ್ತು ವರ್ಷದ ನಂತರ ಪಾಸ್‌ಪೋರ್ಟಿಗೋ ಕುಟುಂಬ ಪಿಂಚಣಿಗೋ ಬೇಕಾಗುತ್ತದೆ. ಹೆಸರಿನ ಒಂದಕ್ಷರ ತಪ್ಪಿದ್ದರೆ ವಿಧವೆಯೊಬ್ಬರು ತಿಂಗಳುಗಟ್ಟಲೆ ಕಚೇರಿ ಅಲೆಯಬೇಕಾಗುತ್ತದೆ. ವಿಧಿ ಮುಗಿದ ದಿನವೇ, ಸಾಕ್ಷಿಗಳು ಎದುರಿಗಿರುವಾಗಲೇ ಬರೆದು ಮುಗಿಸುವುದು ಹತ್ತು ನಿಮಿಷದ ಅಭ್ಯಾಸ.

ಹಣದ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿರಬೇಕು. ಲ್ಯಾಟಿನ್ ಕಥೋಲಿಕರ 1983ರ ಧರ್ಮಸಭಾ ಕಾನೂನು ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಎನ್ನುತ್ತದೆ. ಕಾನೂನು ಇರಲಿ ಬಿಡಲಿ, ಕಾಣಿಕೆಯನ್ನು ಅದೇ ದಿನ ಕನಿಷ್ಠ ಇಬ್ಬರು ಸೇರಿ ಎಣಿಸಿ, ಸಹಿ ಮಾಡಿ, ಮರುದಿನ ಬ್ಯಾಂಕಿಗೆ ಕಟ್ಟುವುದು ಎಲ್ಲ ಸಭೆಗಳಿಗೂ ಒಳ್ಳೆಯದು. ಒಬ್ಬರೇ ಪಾಸ್ಟರ್, ಅವರದೇ ಖಾತೆ, ಅವರದೇ ಲೆಕ್ಕ ಎಂಬಂತಿರುವ ಸಣ್ಣ ಸಭೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪ್ರಾಮಾಣಿಕ ಮನುಷ್ಯನಿಗೆ ಗಾಳಿಮಾತಿನಿಂದ ರಕ್ಷಣೆ ಕೊಡುವುದು ಪಾರದರ್ಶಕ ಲೆಕ್ಕ ಒಂದೇ. ಮಕ್ಕಳ ಸುರಕ್ಷತೆಯೂ ಹಾಗೆಯೇ. 2012ರ ಪೋಕ್ಸೊ ಕಾಯಿದೆಯಂತೆ ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಡೇ ಸ್ಕೂಲಿನಲ್ಲಿ ಯಾವ ಹಿರಿಯರೂ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರದಂತೆ ನಿಯಮ ಮಾಡುವುದು, ಆ ನಿಯಮವನ್ನು ಮೊದಲು ತನಗೇ ಅನ್ವಯಿಸಿಕೊಳ್ಳುವುದು ನಾಯಕನ ಕೆಲಸ.

ಮೊಬೈಲ್ ಬಗ್ಗೆ ಎರಡೇ ಮಾತು. ಬೆಳಿಗ್ಗೆ ಎದ್ದು ವಾಟ್ಸ್‌ಆ್ಯಪಿನಲ್ಲಿ ನೂರು ಜನಕ್ಕೆ ವಾಕ್ಯ ಕಳಿಸುವುದು ಪಾಲನೆಯ ಬದಲಿಗೆ ಬರಲಾರದು. ಪ್ರಾರ್ಥನೆ ಮತ್ತು ತಯಾರಿಯ ಹೊತ್ತಿನಲ್ಲಿ ಫೋನನ್ನು ಇನ್ನೊಬ್ಬ ಜವಾಬ್ದಾರರ ಕೈಯಲ್ಲಿಟ್ಟು, ಸಾವು, ಅಪಘಾತ, ಆಸ್ಪತ್ರೆಯ ಕರೆ ಬಂದರೆ ಮಾತ್ರ ಕರೆಯಿರಿ ಎಂದು ಹೇಳಿಡುವುದರಲ್ಲಿ ತಪ್ಪಿಲ್ಲ.

ಕೊನೆಯದು ವಿಶ್ರಾಂತಿ. ಮಿಕ್ಕವರ ಭಾನುವಾರ ಪಾದ್ರಿಯ ದುಡಿಮೆಯ ದಿನ. ಅದಕ್ಕೇ ಬಹಳ ಜನ ಸೋಮವಾರ ಬಿಡುವು ಇಟ್ಟುಕೊಳ್ಳುತ್ತಾರೆ. ಇನ್ನೂ ಬಹಳ ಜನ ಇಟ್ಟುಕೊಂಡಂತೆ ಮಾಡುತ್ತಾರೆ. ಧರ್ಮಸಭಾ ಕಾನೂನು ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಪಡೆಯಲು ಅವಕಾಶ ಕೊಟ್ಟಿದೆ. ವಾರ್ಷಿಕ ಧ್ಯಾನಕೂಟದ ದಿನಗಳನ್ನು ಅದರಲ್ಲಿ ಲೆಕ್ಕ ಹಿಡಿಯುವುದೂ ಇಲ್ಲ. ಸಿಎಸ್‌ಐ ಮತ್ತು ಸ್ವತಂತ್ರ ಸಭೆಗಳಲ್ಲಿ ಪಾಸ್ಟರಿಗೆ ಹೆಂಡತಿ ಮಕ್ಕಳಿದ್ದಾರೆ. ಪಾಸ್ಟರಮ್ಮ ಮಹಿಳಾ ಕೂಟ ನಡೆಸಿ, ಬಂದವರಿಗೆಲ್ಲ ಊಟ ಹಾಕಿ, ಸಂಡೇ ಸ್ಕೂಲ್ ನೋಡಿಕೊಂಡು ಸಂಬಳವಿಲ್ಲದೆ ಅರ್ಧ ಸಭೆ ಹೊರುತ್ತಾರೆ. ಪಾಸ್ಟರ್ ರಜೆ ತೆಗೆದುಕೊಂಡ ದಿನ ಇವರಿಗೂ ರಜೆ ಇರಬೇಕು. ಸ್ವಂತ ಮಕ್ಕಳ ಪರೀಕ್ಷೆಯ ದಿನ ಗೊತ್ತಿಲ್ಲದ ಪಾಸ್ಟರ್ ಕುಟುಂಬ ಜೀವನದ ಬಗ್ಗೆ ಪ್ರಸಂಗ ಮಾಡಿದರೆ ಯಾರು ನಂಬುತ್ತಾರೆ?

ಇಷ್ಟೆಲ್ಲವನ್ನೂ ಪಾದ್ರಿಗಳಿಗೇ ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಎಲ್ಲದಕ್ಕೂ ಫಾದರೇ ಬರಬೇಕು ಎಂದು ಹಟ ಹಿಡಿಯುವವರು ಸಭೆಯವರು. ಆಸ್ಪತ್ರೆಗೆ ನಾಲ್ಕು ಜನ ಬಂದು ಪ್ರಾರ್ಥಿಸಿ ಹೋದರೂ ಫಾದರ್ ಬರಲಿಲ್ಲ ಎಂದು ಬೇಸರಿಸುವವರು ಸಭೆಯವರು. ಪಾಲನಾ ಸಮಿತಿಗೆ ಚುನಾವಣೆಯಲ್ಲಿ ಪೈಪೋಟಿ ನಡೆಸಿ ಗೆದ್ದ ಮೇಲೆ ಮೀಟಿಂಗಿಗೆ ಬಾರದವರೂ ಅವರೇ. ಹಂಚಿಕೊಡಲು ಬಾರದ ಪಾದ್ರಿ ಎಷ್ಟು ತಪ್ಪಿತಸ್ಥನೋ, ಹಂಚಿಕೊಳ್ಳಲು ಒಲ್ಲದ ಸಭೆಯೂ ಅಷ್ಟೇ ತಪ್ಪಿತಸ್ಥ. ಶಿವಮೊಗ್ಗ, ಭದ್ರಾವತಿಯ ಕ್ರೈಸ್ತ ಬಂಧುಗಳಲ್ಲಿ ಒಂದು ವಿನಂತಿ: ಮುಂದಿನ ಸಲ ಹೊಸ ಗುರುಗಳು ಬಂದಾಗ ಹಾರ ಹಾಕಿ ಸ್ವಾಗತಿಸುವ ಜೊತೆಗೆ, ಯಾವ ಕೆಲಸ ನಮಗೆ ಬಿಡುತ್ತೀರಿ ಎಂದು ಕೇಳಿ. ಕೊಟ್ಟದ್ದನ್ನು ಅವರು ವರ್ಗವಾಗಿ ಹೋದ ಮೇಲೂ ನಿಲ್ಲಿಸದೆ ಮಾಡಿ.